ಹೊಸತೊಡಕಿನ ಮಾಂಸ ಆಷಾಢಕ್ಕೆ: ಫ್ರೀಜರಿನಲ್ಲಿಟ್ಟಿದ್ದನ್ನು ತಿನ್ನಬಹುದೇ?

ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮ ಮಂಡ್ಯ, ರಾಮನಗರ, ಮೈಸೂರು ಸೀಮೆಯ ಮಾಂಸಾಹಾರಿಗಳ ಮನೆಗಳಲ್ಲಿ ಅಂದು ಬಾಡೂಟ ತಪ್ಪುವುದಿಲ್ಲ. ಗುಡ್ಡೆ ಬಾಡಿಗೆ ಚೀಟಿ ಹಾಕಿದವರ ಮನೆಗೆ ಒಂದೇ ಸಲಕ್ಕೆ ನಾಲ್ಕೈದು ಕೆ.ಜಿ. ಮಾಂಸ ಬಂದು ಬೀಳುತ್ತದೆ. ಹಿಂದೆ ಅಕ್ಕಪಕ್ಕದವರಿಗೆ, ನೆಂಟರಿಗೆ ಹಂಚಿ, ಮಿಕ್ಕಿದ್ದಕ್ಕೆ ಉಪ್ಪು ಅರಿಶಿನ ಹಚ್ಚಿ ಒಣಗಿಸಿ ಉಪ್ಪುಕಂಡ ಮಾಡುತ್ತಿದ್ದರು. ಈಗ ಮನೆಮನೆಗೂ ಫ್ರಿಜ್ಜು ಬಂದಿದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ಫ್ರೀಜರಿಗೆ ತುರುಕಿದರೆ ಆಯಿತು. ಎರಡು ಮೂರು ತಿಂಗಳಾದ ಮೇಲೆ ಐಸ್‌ಕ್ರೀಮ್ ಹುಡುಕುವಾಗ ಕಲ್ಲಿನಂತಹ ಆ ಗಂಟು ಕೈಗೆ ಸಿಗುತ್ತದೆ. ಆಗ ಶುರುವಾಗುವ ಪ್ರಶ್ನೆ ನನ್ನ ಕ್ಲಿನಿಕ್ಕಿಗೂ ಬರುತ್ತದೆ: ‘ಡಾಕ್ಟ್ರೇ, ಯುಗಾದೀಲಿ ಇಟ್ಟಿದ್ದು. ಮಾಡಿ ತಿನ್ನಬಹುದಾ, ಎಸೀಬೇಕಾ?’

ಈ ಪ್ರಶ್ನೆಗೆ ನಾನು ‘ಎಷ್ಟು ತಿಂಗಳಾಯಿತು’ ಎಂದು ಮರುಪ್ರಶ್ನೆ ಹಾಕುವುದಿಲ್ಲ. ‘ಫ್ರೀಜರಿಗೆ ಹೋಗುವ ಮೊದಲು ಎಷ್ಟು ಹೊತ್ತು ಹೊರಗಿತ್ತು? ನಡುವೆ ಎಂದಾದರೂ ಕರಗಿತ್ತೇ? ಹೊರತೆಗೆದ ಮೇಲೆ ಎಲ್ಲಿಡುತ್ತೀರಿ?’ ಎಂದು ಕೇಳುತ್ತೇನೆ. ಏಕೆಂದು ತಿಳಿಯಲು ಒಂದು ಮನೆಯ ಕತೆ ಕೇಳಿ.

ಎರಡು ವರ್ಷದ ಹಿಂದೆ ಆಷಾಢದ ಒಂದು ಸೋಮವಾರ, ಬೆಳಗಿನ ಜಾವಕ್ಕೇ ಒಂದು ಕುಟುಂಬ ನನ್ನ ಮನೆಯ ಬಾಗಿಲು ಬಡಿಯಿತು. ಅರವತ್ತೆಂಟು ವರ್ಷದ ಅಜ್ಜಿ, ಅವರ ಮಗ, ತವರಿಗೆ ಬಂದಿದ್ದ ಮಗಳು, ಐದು ವರ್ಷದ ಮೊಮ್ಮಗಳು, ನಾಲ್ವರಿಗೂ ವಾಂತಿ, ಭೇದಿ, ಜ್ವರ. ಉಳಿದವರು ನಡೆದುಕೊಂಡು ಬಂದಿದ್ದರು, ಅಜ್ಜಿಯನ್ನು ಎತ್ತಿಕೊಂಡು ಬಂದಿದ್ದರು. ನಾಡಿ ಸಣ್ಣಗಾಗಿತ್ತು, ನಾಲಗೆ ಒಣಗಿತ್ತು, ಹಿಂದಿನ ರಾತ್ರಿಯಿಂದ ಮೂತ್ರವೇ ಹೋಗಿರಲಿಲ್ಲ. ರಕ್ತದ ಒತ್ತಡಕ್ಕೆ ಅವರು ನುಂಗುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಇತ್ತು. ಅದು ಇನ್ನಷ್ಟು ನೀರನ್ನು ಹೊರಹಾಕಿತ್ತು. ಬಾಟಲಿ ಹಾಕಿ, ಆಂಬುಲೆನ್ಸ್ ಕರೆಸಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದೆ. ಮೂರು ದಿನ ಅಲ್ಲಿದ್ದು ಹುಷಾರಾಗಿ ಬಂದರು. ಇನ್ನು ಅರ್ಧ ದಿನ ತಡವಾಗಿದ್ದರೆ ಮೂತ್ರಪಿಂಡಗಳ ಗತಿ ಏನಾಗುತ್ತಿತ್ತೋ ಹೇಳಲಾರೆ.

ಹಿಂದಿನ ದಿನ, ಭಾನುವಾರ, ಮಗಳು ಬಂದಳೆಂದು ಹೊಸತೊಡಕಿನ ಮಾಂಸ ತೆಗೆದು ಸಾರು ಮಾಡಿದ್ದರು. ಮನೆಯವರೆಲ್ಲರ ಬಾಯಲ್ಲೂ ಒಂದೇ ಮಾತು: ‘ಮೂರು ತಿಂಗಳ ಹಳೇ ಬಾಡು, ವಿಷ ಆಗಿದೆ.’ ಅಡುಗೆ ಮಾಡಿದ ಸೊಸೆಗೆ ಏನೂ ಆಗಿರಲಿಲ್ಲ. ಆಕೆ ತಿನ್ನದೆ ಎಲ್ಲರಿಗೂ ಬಡಿಸಿದಳೇನೋ ಎಂಬಂತೆ ಒಂದಿಬ್ಬರು ನೋಡುತ್ತಿದ್ದರು. ಆ ಹೆಣ್ಣುಮಗಳು ಬಾಗಿಲ ಹತ್ತಿರವೇ ನಿಂತಿದ್ದಳು.

ಯಾರು ಏನು ತಿಂದಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಆಗ ಹೊರಬಿದ್ದ ಸಂಗತಿ ಬೇರೆಯೇ ಇತ್ತು. ಎಲ್ಲರಿಗಿಂತ ಹೆಚ್ಚು ಕಾಯಿಲೆ ಬಿದ್ದ ಅಜ್ಜಿ ಮಾಂಸವನ್ನು ಮುಟ್ಟಿಯೇ ಇರಲಿಲ್ಲ! ನಾಲ್ಕು ವರ್ಷದ ಹಿಂದೆ ಹರಕೆ ಹೊತ್ತು ಮಾಂಸ ಬಿಟ್ಟವರು ಅವರು. ಅಂದು ಅವರು ಉಂಡದ್ದು ಅನ್ನ, ತಿಳಿಸಾರು, ಮೊಸರು, ಸೌತೆಕಾಯಿ ಹೋಳು. ಇತ್ತ ಮಗಳ ಎಂಟು ವರ್ಷದ ಹುಡುಗ ಎರಡು ಸಲ ಹಾಕಿಸಿಕೊಂಡು ಮಾಂಸ ತಿಂದಿದ್ದ. ಆದರೆ ಸೌತೆಕಾಯಿ ಕಂಡರೆ ಅವನಿಗಾಗದು. ಅವನು ಅಂಗಳದಲ್ಲಿ ಬೈಕಿನ ಮೇಲೆ ಕೂತು ಆಡುತ್ತಿದ್ದ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಊಟಕ್ಕೆ ಕೂತ ಸೊಸೆಗೆ ಮುದ್ದೆ, ಸಾರು, ನಾಲ್ಕು ತುಂಡು ಮಾಂಸ ಉಳಿದಿತ್ತು. ಸೌತೆಕಾಯಿ ಮುಗಿದಿತ್ತು.

ಬೆಳಗ್ಗೆ ಆರು ಗಂಟೆಗೆ ಮಾಂಸದ ಗಂಟನ್ನು ತೆಗೆದು ತಟ್ಟೆಯಲ್ಲಿಟ್ಟು ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟಿದ್ದರು. ಹನ್ನೊಂದೂವರೆ ಹೊತ್ತಿಗೆ ತಟ್ಟೆಯ ತುಂಬ ಕೆಂಪು ನೀರು. ಅದನ್ನು ತೊಟ್ಟಿಗೆ ಚೆಲ್ಲಿ, ಮರದ ಮಣೆಯ ಮೇಲೆ ಮಾಂಸವನ್ನು ಸಣ್ಣದಾಗಿ ಹೆಚ್ಚಿ ಕುಕ್ಕರಿಗೆ ಹಾಕಿದರು. ಮಣೆಯ ಮೇಲೆ ಒಂದು ಚೊಂಬು ನೀರು ಸುರಿದು, ಅದೇ ಮಣೆ, ಅದೇ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚಿದರು. ಉಪ್ಪು ಉದುರಿಸಿದ ಹೋಳು ಎರಡು ಗಂಟೆಯ ಊಟದವರೆಗೆ ಹೊರಗೇ ಇತ್ತು. ಮಾಂಸವೇನೋ ಕುಕ್ಕರಿನಲ್ಲಿ ಆರೇಳು ವಿಷಲ್ ಕೂಗಿಸಿಕೊಂಡು ಚೆನ್ನಾಗಿ ಬೆಂದಿತು. ಸೌತೆಕಾಯಿ ಬೇಯುವ ಪದಾರ್ಥವಲ್ಲ. ಮಲದ ಕಲ್ಚರ್ ಪರೀಕ್ಷೆ ನಮ್ಮೂರಿನಲ್ಲಿ ಆಗುವುದಿಲ್ಲವಾದ್ದರಿಂದ ಅದು ಸಾಲ್ಮೊನೆಲ್ಲ ಜಾತಿಯ ರೋಗಾಣು ಎಂಬುದು ನನ್ನ ಊಹೆ. ಆದರೆ ಯಾವ ತಟ್ಟೆಯಿಂದ ಬಂತು ಎಂಬುದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಸೌತೆಕಾಯಿ ಹೆಚ್ಚಿದವರು ಯಾರು ಎಂದು ಮಾತ್ರ ನಾನು ಕೇಳಲಿಲ್ಲ.

ಅಷ್ಟರಲ್ಲಿ ಅವರ ಮನೆಯ ಫ್ರೀಜರಿನಲ್ಲಿ ಮಿಕ್ಕಿದ್ದ ಮಾಂಸವೆಲ್ಲ ತಿಪ್ಪೆ ಸೇರಿತ್ತು. ಮಣೆ ಮಾತ್ರ ಅಡುಗೆಮನೆಯಲ್ಲೇ ಇತ್ತು.

ಶೀತ ಕೊಲ್ಲುವುದಿಲ್ಲ, ಮಲಗಿಸುತ್ತದೆ

ಮಾಂಸ ಕೆಡುವುದೆಂದರೆ ಅದರ ಮೇಲಿರುವ ಸೂಕ್ಷ್ಮಾಣುಗಳು ಬೆಳೆಯುವುದು. ಬೆಳೆಯಲು ಅವುಗಳಿಗೆ ಬೆಚ್ಚನೆಯ ವಾತಾವರಣವೂ ನೀರೂ ಬೇಕು. ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ, ಅಂದರೆ ಮೈನಸ್ 18ರಲ್ಲಿ, ಮಾಂಸದೊಳಗಿನ ನೀರು ಮಂಜುಗಡ್ಡೆಯಾಗಿ ಅವುಗಳ ಪಾಲಿಗೆ ಇಲ್ಲದಂತಾಗುತ್ತದೆ. ಅಲ್ಲಿ ಯಾವ ರೋಗಾಣುವೂ ಬೆಳೆಯಲಾರದು. ಹೀಗೆ ಒಂದೇ ಸಮನೆ ಗಟ್ಟಿಯಾಗಿಯೇ ಇದ್ದ ಮಾಂಸ ಮೂರು ತಿಂಗಳಾದರೂ ಅಷ್ಟೇ, ಒಂದು ವರ್ಷವಾದರೂ ಅಷ್ಟೇ. ದಿನ ಕಳೆದ ಮಾತ್ರಕ್ಕೆ ವಿಷವಾಗುವುದಿಲ್ಲ. 1882ರ ಫೆಬ್ರವರಿಯಲ್ಲಿ ‘ಡುನೆಡಿನ್’ ಎಂಬ ಹಾಯಿಹಡಗು ಐದು ಸಾವಿರದಷ್ಟು ಕುರಿಗಳ ಮಾಂಸವನ್ನು ಹೆಪ್ಪುಗಟ್ಟಿಸಿ ತುಂಬಿಕೊಂಡು ನ್ಯೂಜಿಲೆಂಡಿನಿಂದ ಹೊರಟು, ಭೂಮಧ್ಯರೇಖೆಯ ಬಿಸಿಲನ್ನು ದಾಟಿ, ಮೂರು ತಿಂಗಳ ನಂತರ ಲಂಡನ್ ಸೇರಿತು. ಆ ಮಾಂಸವನ್ನು ಅಲ್ಲಿನ ಜನ ಕೊಂಡು ತಿಂದರು. ಅಂದಿನಿಂದ ಜಗತ್ತಿನ ಮಾಂಸದ ವ್ಯಾಪಾರ ಈ ನಂಬಿಕೆಯ ಮೇಲೆಯೇ ನಡೆದಿದೆ.

ಆದರೆ ಬೆಳೆಯಲಾರದು ಎಂದರೆ ಸತ್ತಿತು ಎಂದಲ್ಲ. ಲಾಡಿಹುಳುವಿನ ಮರಿಗಳಂತಹ ಪರೋಪಜೀವಿಗಳು ಕೆಲವು ದಿನಗಳ ಕಟು ಶೀತಕ್ಕೆ ಸಾಯುತ್ತವೆ. ಬ್ಯಾಕ್ಟೀರಿಯಾಗಳು ಹಾಗಲ್ಲ. ಒಂದಷ್ಟು ಸಾಯುತ್ತವೆ, ಉಳಿದವು ಬೀಜದ ಕಾಳಿನಂತೆ ಮಲಗಿರುತ್ತವೆ. ಸಾಲ್ಮೊನೆಲ್ಲ ತಿಂಗಳುಗಟ್ಟಲೆ ಹೀಗೆ ಇರಬಲ್ಲದು. ಮಂಜು ಕರಗಿ ಬೆಚ್ಚಗಾದೊಡನೆ ಎದ್ದು ಕೂರುತ್ತದೆ. ಒಳ್ಳೆಯ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಆ ಲೆಕ್ಕದಲ್ಲಿ ನಾಲ್ಕು ಗಂಟೆಯಲ್ಲಿ ಒಂದು 4,096 ಆಗುತ್ತದೆ. ಅಡುಗೆಮನೆ ಕಟ್ಟೆಯ ಮೇಲೆ ಇಷ್ಟು ವೇಗವಿರದಿದ್ದರೂ ದಿಕ್ಕು ಇದೇ.

ಮನೆಯ ಫ್ರೀಜರಿಗೆ ಇನ್ನೊಂದು ದೋಷವಿದೆ. ಕಾರ್ಖಾನೆಗಳಲ್ಲಿ ಬಿರುಗಾಳಿಯಂತಹ ಶೀತ ಬೀಸಿ ಬೇಗ ಹೆಪ್ಪುಗಟ್ಟಿಸುತ್ತಾರೆ. ನಮ್ಮಲ್ಲಿ ಎರಡು ಕೆ.ಜಿ. ಗಂಟು ನಿಧಾನವಾಗಿ ಗಟ್ಟಿಯಾಗುತ್ತದೆ. ನಿಧಾನವಾದಷ್ಟೂ ಮಂಜಿನ ಹರಳುಗಳು ದೊಡ್ಡವಾಗಿ ಮಾಂಸದ ಕೋಶಗಳನ್ನು ಸೀಳುತ್ತವೆ. ಕರಗಿದಾಗ ಒಳಗಿನ ರಸವೆಲ್ಲ ಹೊರಗೆ ಸೋರುತ್ತದೆ. ತಟ್ಟೆಯಲ್ಲಿ ನಿಲ್ಲುವ ಕೆಂಪು ನೀರು ಇದೇ. ಅದು ರುಚಿಯ ನಷ್ಟ ಮಾತ್ರವಲ್ಲ, ಎಚ್ಚೆತ್ತ ರೋಗಾಣುಗಳು ಮಣೆ, ಬಟ್ಟೆ, ಕೈ, ತರಕಾರಿಗಳಿಗೆ ಹೋಗುವ ವಾಹನವೂ ಅದೇ. ಹಳೆಯ ಮಾಂಸದಲ್ಲಿ ಹೆದರಬೇಕಾದ್ದು ಏನಾದರೂ ಇದ್ದರೆ ಮೊದಲು ಈ ನೀರಿಗೆ ಹೆದರಬೇಕು.

ಕರಗಿಸುವ ಬಗೆ

ನಾಳೆಯ ಅಡುಗೆಗೆ ಬೇಕೆಂದರೆ ಇಂದು ರಾತ್ರಿಯೇ ಫ್ರೀಜರಿನಿಂದ ತೆಗೆದು, ಅಂಚಿರುವ ಪಾತ್ರೆಯಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಮೇಲೆ ಇಟ್ಟರೆ ಕೆಂಪು ನೀರು ಕೆಳಗಿನ ಹಾಲು ಮೊಸರಿನ ಮೇಲೆ ತೊಟ್ಟಿಕ್ಕುತ್ತದೆ. ಅರ್ಧ ಕೆ.ಜಿ. ಪೊಟ್ಟಣ ಒಂದು ರಾತ್ರಿಯಲ್ಲಿ ಕರಗುತ್ತದೆ, ದೊಡ್ಡ ಗಂಟಿಗೆ ಒಂದು ಪೂರ್ತಿ ದಿನ ಬೇಕು. ನೆಂಟರು ಹೇಳದೆ ಬಂದರೆ, ನೀರು ಒಳಗೆ ಹೋಗದಂತೆ ಕವರನ್ನು ಬಿಗಿದು, ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಬಿಸಿನೀರು ಬೇಡ. ಹೊರಭಾಗ ಬೆಚ್ಚಗಾಗಿ ಒಳಗೆ ಮಂಜು ಹಾಗೆಯೇ ಉಳಿಯುತ್ತದೆ. ಮೈಕ್ರೊವೇವ್ ಇದ್ದವರು ಅದರಲ್ಲಿ ಕರಗಿಸಿದರೆ ಆ ಕೂಡಲೇ ಒಲೆಗೆ ಹಾಕಬೇಕು. ಕರಗಿಸಲು ಪುರುಸೊತ್ತೇ ಇಲ್ಲದಿದ್ದರೆ ಗಟ್ಟಿ ಮಾಂಸವನ್ನೇ ಸಾರಿಗೆ ಹಾಕಿ ಬೇಯಿಸಬಹುದು. ಮಾಮೂಲಿಗಿಂತ ಒಂದೂವರೆ ಪಟ್ಟು ಹೊತ್ತು ಹಿಡಿಯುತ್ತದೆ, ಅಷ್ಟೇ.

ಇದು ಸಾರಿಗೆ ಆಯಿತು. ಕಬಾಬಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅರೆಬರೆ ಕರಗಿದ ಕೋಳಿಯ ಕಾಲನ್ನು ಕಾದ ಎಣ್ಣೆಗೆ ಬಿಟ್ಟರೆ ಐದು ನಿಮಿಷದಲ್ಲಿ ಹೊರಗೆ ಕೆಂಪಗಾಗುತ್ತದೆ, ಮೂಳೆಯ ಹತ್ತಿರ ಹಸಿಯಾಗಿರುತ್ತದೆ. ಮಕ್ಕಳಿಗೆ ಬಹಳ ಇಷ್ಟವೆಂದು ಕೊಡುವ ತುಂಡೂ ಅದೇ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಒಂದು ತುಂಡನ್ನು ಮೂಳೆಯವರೆಗೆ ಸೀಳಿ ನೋಡಿ. ಗುಲಾಬಿ ಬಣ್ಣ, ಕೆಂಪು ರಸ ಕಂಡರೆ ಇನ್ನೂ ಬೇಯಬೇಕು. ಕೈಮಾ ಉಂಡೆಯದೂ ಇದೇ ಕತೆ. ಕೊಚ್ಚುವಾಗ ಹೊರಮೈಯ ರೋಗಾಣುಗಳು ಉಂಡೆಯ ನಡುಭಾಗಕ್ಕೂ ಸೇರಿಕೊಂಡಿರುತ್ತವೆ.

ಮಾಂಸಕ್ಕೆ ಒಂದು ಮಣೆ, ತರಕಾರಿಗೆ ಒಂದು ಮಣೆ ಇರಲಿ. ಎರಡು ಕೊಳ್ಳಲಾಗದಿದ್ದರೆ ತರಕಾರಿಯನ್ನು ಮೊದಲು ಹೆಚ್ಚಿಡಿ, ಮಾಂಸ ಆಮೇಲೆ. ಮಣೆ, ಚಾಕುಗಳನ್ನು ಸೋಪು ಹಾಕಿ ಉಜ್ಜಿ, ಕುದಿನೀರು ಸುರಿದು ಬಿಸಿಲಿಗೆ ಒಣಗಿಸಿ. ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ಜೋರಾಗಿ ತೊಳೆಯುವುದು ನಮ್ಮ ಎಲ್ಲರ ಮನೆಯ ಅಭ್ಯಾಸ. ಸಿಡಿಯುವ ಹನಿಗಳು ಅಕ್ಕಪಕ್ಕದ ಲೋಟ, ಕೊತ್ತಂಬರಿ ಸೊಪ್ಪಿಗೆಲ್ಲ ಹಾರುತ್ತವೆ. ತೊಳೆಯಲೇಬೇಕೆಂದರೆ ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೆ ಮೆಲ್ಲಗೆ ತೊಳೆದು, ಆ ನೀರನ್ನು ಸಿಡಿಯದಂತೆ ಚೆಲ್ಲಿ. ಅರಿಶಿನ ಹಚ್ಚಿದರೆ ರೋಗಾಣು ಸಾಯುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಅದು ವಾಸನೆಗೆ ಒಳ್ಳೆಯದು, ಬೆಂಕಿಗೆ ಬದಲಿಯಲ್ಲ.

ಫ್ರೀಜರಿಗೆ ಮೊದಲು, ಫ್ರೀಜರಿನ ಒಳಗೆ

ಹೊಸತೊಡಕಿನ ದಿನ ಬೆಳಗಿನ ನಾಲ್ಕಕ್ಕೆ ಕುರಿ ಕೊಯ್ಯುತ್ತಾರೆ. ಗುಡ್ಡೆ ಹಾಕಿ, ಹಂಚಿ, ಹಣದ ಲೆಕ್ಕ ಮುಗಿದು ಮನೆಗೆ ಬರುವಾಗ ಎಂಟು ಒಂಬತ್ತು ಗಂಟೆ. ಆಮೇಲೆ ಅಂದಿನ ಅಡುಗೆಯ ಗಡಿಬಿಡಿ. ಮಿಕ್ಕಿದ್ದನ್ನು ಕಟ್ಟಿಡುವುದು ಊಟವಾಗಿ ನಿದ್ದೆ ಮುಗಿದ ಮೇಲೆ, ಸಂಜೆಗೆ. ಹಸಿ ಮಾಂಸ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯ ನಿಯಮ. ಗುಡ್ಡೆ ಬಾಡಿನಲ್ಲಿ ಈ ನಿಯಮ ನಡೆಯುವುದು ಕಷ್ಟವೆಂದು ಬಲ್ಲೆ. ಮನೆಗೆ ಬಂದ ತಕ್ಷಣ ಬೇರೆ ಕೆಲಸಕ್ಕೆ ಮೊದಲು ಅರ್ಧರ್ಧ ಕೆ.ಜಿ.ಯ ಪೊಟ್ಟಣ ಮಾಡಿ, ಗಾಳಿ ಒತ್ತಿ ತೆಗೆದು, ಚಪ್ಪಟೆಯಾಗಿ ತಟ್ಟಿ, ತಾರೀಕು ಬರೆದು ಒಳಗಿಟ್ಟುಬಿಡಿ. ಸಂಜೆಯವರೆಗೆ ಹೊರಗೆ ಬಿದ್ದಿದ್ದ ಮಾಂಸವನ್ನು ಫ್ರೀಜರಿಗೆ ಹಾಕಿದರೆ ಅದು ಹೊಸದಾಗುವುದಿಲ್ಲ. ಯಾವ ಸ್ಥಿತಿಯಲ್ಲಿ ಒಳಗೆ ಹೋಯಿತೋ ಆ ಸ್ಥಿತಿಯಲ್ಲೇ ಹೊರಗೆ ಬರುತ್ತದೆ. ಸುತ್ತಲು ಸುದ್ದಿಪತ್ರಿಕೆಯನ್ನು ಬಳಸಬೇಡಿ. ಮುದ್ರಣದ ಮಸಿ ಆಹಾರಕ್ಕೆ ಇಳಿಯುತ್ತದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ನೀವೀಗ ಓದುತ್ತಿರುವ ಪುಟಕ್ಕೂ ಈ ಮಾತು ಅನ್ವಯಿಸುತ್ತದೆ.

ಎಲ್ಲ ಫ್ರೀಜರುಗಳೂ ಮೈನಸ್ 18 ಮುಟ್ಟುವುದಿಲ್ಲ. ಹಳೆಯ ಒಂಟಿಬಾಗಿಲ ಫ್ರಿಜ್ಜುಗಳ ಮೇಲಿನ ಪುಟ್ಟ ಗೂಡು ಹಲವು ಸಲ ಮೈನಸ್ ಆರೇಳರ ಆಸುಪಾಸಿನಲ್ಲೇ ಇರುತ್ತದೆ. ಬಾಗಿಲ ಮೇಲೆ ಅಂಟಿಸಿರುವ ನಕ್ಷತ್ರಗಳನ್ನು ನೋಡಿ ‘ನಮ್ಮದು ಫೈವ್ ಸ್ಟಾರ್’ ಎನ್ನಬೇಡಿ. ಅದು ವಿದ್ಯುತ್ ಉಳಿತಾಯದ ಗುರುತು, ಶೀತದ್ದಲ್ಲ. ಐಸ್‌ಕ್ರೀಮ್ ಇಟ್ಟು ನೋಡಿ. ಚಮಚ ಸಲೀಸಾಗಿ ಇಳಿಯುವಷ್ಟು ಮೆತ್ತಗೇ ಇದ್ದರೆ ಅಂತಹ ಗೂಡಿನಲ್ಲಿ ಮಾಂಸವನ್ನು ತಿಂಗಳುಗಟ್ಟಲೆ ಇಡುವುದು ಬೇಡ, ವಾರದೊಳಗೆ ಮುಗಿಸಿ.

ಇನ್ನು ಕರೆಂಟು. ತುಂಬಿದ ಫ್ರೀಜರು ಬಾಗಿಲು ತೆರೆಯದಿದ್ದರೆ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಶೀತ ಹಿಡಿಯುತ್ತದೆ ಎಂದು ಪುಸ್ತಕಗಳು ಹೇಳುವುದು ದೊಡ್ಡ, ಪ್ರತ್ಯೇಕ ಫ್ರೀಜರುಗಳ ಲೆಕ್ಕ. ನಮ್ಮ ಪುಟ್ಟ ಗೂಡುಗಳಿಗೆ ಅಷ್ಟು ತಾಳಿಕೆಯಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವವರು ಒಂದು ಉಪಾಯ ಮಾಡಿ. ಬಟ್ಟಲಲ್ಲಿ ನೀರು ಹಾಕಿ ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಮೇಲೊಂದು ನಾಣ್ಯವಿಟ್ಟು ಹೋಗಿ. ಹಿಂದಿರುಗಿದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳಕ್ಕಿಳಿದಿದ್ದರೆ, ಈಗ ಎಲ್ಲವೂ ಕಲ್ಲಿನಂತೆ ಕಂಡರೂ, ನೀವಿಲ್ಲದಾಗ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಎಷ್ಟು ಹೊತ್ತು ಕರಗಿತ್ತೆಂದು ತಿಳಿಯುವ ದಾರಿಯಿಲ್ಲ. ಅದನ್ನು ಎಸೆಯಬೇಕು. ನಾಲ್ಕು ಸಾವಿರ ರೂಪಾಯಿಯ ಮಾಂಸವೆಂದು ಹೊಟ್ಟೆ ಉರಿಯುವುದು ನಿಜ, ಆದರೂ ಎಸೆಯಬೇಕು. ಫ್ರಿಜ್ಜಿನ ಕೆಳಭಾಗದಲ್ಲಿ ಕರಗಿಸಿದ್ದನ್ನು ಮಾತ್ರ, ಕಾರ್ಯಕ್ರಮ ತಪ್ಪಿದರೆ, ಮತ್ತೆ ಫ್ರೀಜರಿಗೆ ಹಾಕಬಹುದು. ರುಚಿ ಹೋಗುತ್ತದೆ.

ರುಚಿಯ ದೃಷ್ಟಿಯಿಂದ ಇಡಿ ಕೋಳಿ ಒಂದು ವರ್ಷ, ಕುರಿ ಮೇಕೆಯ ತುಂಡುಗಳು ಆರೆಂಟು ತಿಂಗಳು, ಕೈಮಾ ಮತ್ತು ಲಿವರ್ ಮೂರು ನಾಲ್ಕು ತಿಂಗಳು, ಬೇಯಿಸಿದ ಸಾರು ಎರಡು ಮೂರು ತಿಂಗಳು ಚೆನ್ನಾಗಿರುತ್ತವೆ. ಆಮೇಲೆ ಕೊಬ್ಬು ಕಮಟು ವಾಸನೆ ಹಿಡಿಯುತ್ತದೆ. ಅಲ್ಲಲ್ಲಿ ಕಾಣುವ ಬಿಳಿಚಿದ, ಒಣಗಿದ ಕಲೆಗಳು ಬೂಷ್ಟಲ್ಲ. ಕವರಿನ ಗಾಳಿಗೆ ತೇವ ಹಾರಿ ಆದ ಒಣಗಲು. ಆ ಭಾಗ ಕೆತ್ತಿ ತೆಗೆದು ಉಳಿದದ್ದನ್ನು ಬಳಸಬಹುದು. ಕರಗಿದ ಮೇಲೆ ಲೋಳೆಯಾಗಿದ್ದರೆ, ಹುಳಿ ಅಥವಾ ಕೊಳೆತ ವಾಸನೆ ಬಂದರೆ ಎಸೆಯಿರಿ. ವಾಸನೆ ಬರಲಿಲ್ಲವೆಂದರೆ ಮಾತ್ರ ಅದು ಖಾತರಿಯಲ್ಲ. ಕೊಳೆಸುವ ಸೂಕ್ಷ್ಮಾಣುಗಳೇ ಬೇರೆ, ಕಾಯಿಲೆ ತರುವವೇ ಬೇರೆ. ಎರಡನೆಯವು ಮೂಗಿಗೆ ಸುಳಿವು ಕೊಡುವುದಿಲ್ಲ. ‘ಚೆನ್ನಾಗಿ ಕುದಿಸಿಬಿಟ್ಟರೆ ಆಯ್ತು’ ಎಂಬುದೂ ಪೂರ್ತಿ ನಿಜವಲ್ಲ. ಕುದಿಯಲ್ಲಿ ರೋಗಾಣು ಸಾಯುತ್ತದೆ, ಆದರೆ ಸ್ಟೆಫೈಲೊಕಾಕಸ್‌ನಂತಹವು ಮೊದಲೇ ಸ್ರವಿಸಿಟ್ಟ ವಿಷ ಕುದಿಗೂ ಜಗ್ಗುವುದಿಲ್ಲ.

ಕರಾವಳಿಯ ಓದುಗರಿಗೆ ಮೀನಿನ ವಿಷಯದಲ್ಲಿ ಈ ಕೊನೆಯ ಮಾತು ಮುಖ್ಯ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಶೀತಲಗೃಹದ ಮೀನು ಮಾರುಕಟ್ಟೆಗೆ ಬರುತ್ತದೆ. ಬಂಗುಡೆ, ಬೂತಾಯಿ, ಕೇದರದಂತಹ ಮೀನುಗಳು ಹಿಡಿದ ಮೇಲೆ ಮಂಜುಗಡ್ಡೆ ಕಾಣದೆ ಬಿಸಿಲಿಗೆ ಬಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಆಮೇಲೆ ಶೀತಕ್ಕಿಟ್ಟರೂ ಹೋಗದು, ಕರಿದರೂ ಹೋಗದು. ತಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರಿ, ತಲೆನೋವು, ಎದೆ ಬಡಿತ, ಮೈ ತುರಿಕೆ ಬರುತ್ತವೆ. ‘ನನಗೆ ಮೀನು ಅಲರ್ಜಿ’ ಎಂದು ಜೀವನಪೂರ್ತಿ ಮೀನು ಬಿಟ್ಟ ಕೆಲವರಿಗೆ ನಿಜವಾಗಿ ಆಗಿದ್ದು ಇದಿರಬಹುದು. ಇಂತಹ ಎಣ್ಣೆಮೀನನ್ನು ಮನೆಯ ಫ್ರೀಜರಿನಲ್ಲಿ ಎರಡು ಮೂರು ತಿಂಗಳಿಗಿಂತ ಹೆಚ್ಚು ಇಡುವುದೂ ಬೇಡ.

ಇಷ್ಟಾಗಿಯೂ ಮನೆಯಲ್ಲಿ ವಾಂತಿ ಭೇದಿ ಕಾಣಿಸಿಕೊಂಡರೆ ಮೊದಲ ಔಷಧ ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ. ಔಷಧಿ ಅಂಗಡಿಯಲ್ಲಿ ಕೇಳಿ ಭೇದಿ ಕಟ್ಟುವ ಮಾತ್ರೆಯನ್ನೋ ಆಂಟಿಬಯೋಟಿಕ್ಕನ್ನೋ ನೀವೇ ತೆಗೆದುಕೊಳ್ಳಬೇಡಿ. ಮಲದಲ್ಲಿ ರಕ್ತ, ತೀವ್ರ ಜ್ವರ, ಕುಡಿದದ್ದೆಲ್ಲ ವಾಂತಿಯಾಗುವುದು, ಆರೆಂಟು ಗಂಟೆಯಿಂದ ಮೂತ್ರ ಹೋಗದಿರುವುದು, ಮಗು ಮಂಕಾಗಿ ಮಲಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ವೈದ್ಯರ ಬಳಿ ಹೋಗಿ. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇಷ್ಟನ್ನೂ ಕಾಯಬಾರದು. ಬಿ.ಪಿ.ಗೆ ಮಾತ್ರೆ ನುಂಗುವವರಿಗೆ ಭೇದಿ ಶುರುವಾದರೆ, ಮುಂದಿನ ಮಾತ್ರೆ ನುಂಗುವ ಮೊದಲು ನಿಮ್ಮ ವೈದ್ಯರಿಗೆ ಒಂದು ಫೋನ್ ಮಾಡಿ ಕೇಳಿ.